ಕ್ರೇನಕ್ಕ ಮುಗಿಸಿದ ಆಟ

ಪೈಪ್ ಯಾರ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಸಂಬಳದ ದಿನ ಗುಮಾಸ್ತ ಕಿಟಕಿಯಿಂದ ಕೂಗುವಾಗಲೂ ‘ಕ್ರೇನಕ್ಕಾ’ ಎಂದೇ ಕೂಗುತ್ತಾನೆ. ಯಾರ್ಡಿನ ಉದ್ದಕ್ಕೂ ಎತ್ತರದ ಹಳಿಗಳ ಮೇಲೆ ಓಡಾಡುವ ಕ್ರೇನು. ಅದರ ಒಂದು ತುದಿಗೆ ಗೂಡಿನಂತೆ ಅಂಟಿಕೊಂಡ ಗಾಜಿನ ಕ್ಯಾಬಿನ್ನು. ಅದರೊಳಗೆ ಮೊಣಕಾಲು ಮಡಚಿ ಕೂತ, ಐವತ್ತರ ಹತ್ತಿರದ ಹೆಂಗಸು. ಕೆಳಗಿನವರಿಗೆ ಅವಳ ಮೋರೆ ಕಾಣುವುದು ಬೆಳಿಗ್ಗೆ ಏಣಿ ಹತ್ತುವಾಗ, ಸಂಜೆ ಇಳಿಯುವಾಗ. ನಡುವೆ ಕಾಣುವುದೆಲ್ಲ ಅವಳು ಇಳಿಬಿಡುವ ಕೊಕ್ಕೆ.

ಆ ಏಣಿಯನ್ನು ಅವಳಿಗೆ ಯಾರೂ ಕರೆದು ಕೊಟ್ಟದ್ದಲ್ಲ. ಹೆಂಗಸರು ಪೈಪಿಗೆ ಬಣ್ಣ ಬಳಿಯಬಹುದು, ತುಕ್ಕು ಉಜ್ಜಬಹುದು, ಮೇಲೆ ಹತ್ತುವ ಹಾಗಿಲ್ಲ ಎಂಬ ಕಾಲದಲ್ಲಿ ಗೇಟಿನ ಮುಂದೆ ಧರಣಿ ಕೂತವರಲ್ಲಿ ಇವಳೂ ಒಬ್ಬಳು. ಕೂತವರಲ್ಲಿ ಅರ್ಧಕ್ಕರ್ಧ ಹೆಂಗಸರು ಕೆಲಸ ಕಳೆದುಕೊಂಡರು, ಇವಳಿಗೆ ಏಣಿ ಸಿಕ್ಕಿತು. ಹೋರಾಟದ ಲೆಕ್ಕ ಹಾಗೆಯೇ, ಯಾರದೋ ಹೊಟ್ಟೆಯ ಮೇಲೆ ಕಾಲಿಟ್ಟು ಇನ್ಯಾರೋ ಮೇಲೆ ಹತ್ತುತ್ತಾರೆ. ಹೆಂಗಸು ಏಣಿ ಹತ್ತಿದರೆ ಕೆಳಗಿನವರು ಕೆಲಸ ಬಿಟ್ಟು ಮೇಲೆ ನೋಡುತ್ತಾ ನಿಲ್ಲುತ್ತಾರೆ ಎಂದು ಅಂದಿನ ಮ್ಯಾನೇಜರ್ ಹಲ್ಲು ಕಿಸಿದಿದ್ದ. “ನೋಡ್ಲಿ ಸಾರ್. ನೋಡಿದೋನ ತಲೆ ಮೇಲೆ ಒಂದು ಪೈಪಿನ ಕಟ್ಟು ಇಳಿಸ್ತೀನಿ, ಎರಡನೇ ಸಲ ನೋಡಲ್ಲ” ಎಂದಿದ್ದಳು. ಆ ಮಾತು ಯಾರ್ಡಿನಲ್ಲಿ ಇಂದಿಗೂ ಓಡಾಡುತ್ತದೆ.

ಇಂಥವಳು ವಿಡಿಯೋ ಗೇಮ್ ಆಡುತ್ತಾಳೆ ಎಂದರೆ ಹೊಸಬರು ನಗುತ್ತಾರೆ. ಒಮ್ಮೆ ಕಾಲು ಮುರಿದು ಮನೆಯಲ್ಲಿ ಬಿದ್ದಿದ್ದಾಗ, ಪಕ್ಕದ ಮನೆಯ ಬಸ್ ಡ್ರೈವರ್ ತನ್ನ ಗೇಮಿನ ಪೆಟ್ಟಿಗೆಯನ್ನೇ ಹೊತ್ತು ತಂದು ಟಿವಿಗೆ ಸಿಕ್ಕಿಸಿ ಹೋಗಿದ್ದ. ಎರಡು ಹೆಬ್ಬೆರಳಿಗೆ ಎರಡು ಪುಟ್ಟ ಹಿಡಿಗಳು. ಕ್ಯಾಬಿನ್ನಿನ ಹಿಡಿಗಳಿಗೆ ಒಗ್ಗಿದ ಕೈಗೆ ಅದು ಕಲಿಯಬೇಕಾದ ವಿದ್ಯೆಯೇ ಆಗಲಿಲ್ಲ. ಕಾಲು ಕೂಡಿಕೊಂಡಿತು, ಚಟ ಬಿಡಲಿಲ್ಲ. ಆಮೇಲೆ ಅವಳೇ ಒಂದು ಹಳೆಯ ಪೆಟ್ಟಿಗೆ ಕೊಂಡಳು.

ಹಾಗೆ ಶುರುವಾದದ್ದು ನಾಲ್ವರ ಕೂಟ. ಕ್ರೇನಕ್ಕ, ಬಸ್ ಡ್ರೈವರ್, ಬೀದಿ ಕೊನೆಯ ಮನೆಯ ನಿವೃತ್ತ ಲೆಕ್ಕದ ಮೇಡಮ್ಮು, ಅವರನ್ನು ಎಲ್ಲರೂ ಮಗ್ಗಿ ಟೀಚರ್ ಎನ್ನುವುದು, ಮತ್ತೆ ಯಾರ್ಡಿನ ಸೀಟಿ. ಸೀಟಿ ಎಂದರೆ ಕ್ರೇನಿಗೆ ಕೆಳಗಿನಿಂದ ಸನ್ನೆ ಕೊಡುವ ಹುಡುಗ. ಹುಡುಗ ಎನ್ನುವುದು ಬಾಯಿಮಾತಿಗೆ, ಮೂವತ್ತು ದಾಟಿದೆ. ಕೊರಳಲ್ಲಿ ಸದಾ ತೂಗುವ ಉಕ್ಕಿನ ಸೀಟಿಯಿಂದ ಆ ಹೆಸರು. ಕ್ರೇನಕ್ಕನ ಕಣ್ಣಿಗೆ ಬೀಳುವ ಕಡೆ ಅವನು ಕೈಸನ್ನೆ ಮಾಡುತ್ತಾನೆ. ಪೈಪಿನ ರಾಶಿಗಳ ಹಿಂದೆ ಮರೆಯಾದಾಗ ಸೀಟಿಯೇ ಗತಿ. ಒಂದು ಊದಿದರೆ ನಿಲ್ಲು, ಎರಡಕ್ಕೆ ಎತ್ತು, ಮೂರಕ್ಕೆ ಇಳಿಸು. ನಡುವೆ ಒಮ್ಮೆ ವಾಕಿಟಾಕಿ ಕೊಟ್ಟಿದ್ದರು. ಅದು ಧೂಳು ತಿಂದು ಸತ್ತಿತು, ಇನ್ನೊಂದು ಬರಲಿಲ್ಲ.

ನಾಲ್ವರಿಗೂ ಒಂದೇ ಡಿಸ್ಕ್. ಒಬ್ಬರು ಮುಗಿಸಿ ಇನ್ನೊಬ್ಬರಿಗೆ ದಾಟಿಸಬೇಕು. ಅವರದೊಂದು ಕಟ್ಟುನಿಟ್ಟು ಇತ್ತು. ನಾಲ್ಕನೆಯವರು ಮುಗಿಸುವ ತನಕ ಆ ಆಟದ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಚೆನ್ನಾಗಿದೆ ಎನ್ನುವಂತಿಲ್ಲ, ಕೆಟ್ಟದಾಗಿದೆ ಎನ್ನುವಂತಿಲ್ಲ, ಮೋರೆ ಸೊಟ್ಟ ಮಾಡಿದರೂ ತಪ್ಪು. ತಪ್ಪಿದವರಿಗೆ ಮುಂದಿನ ಆಟದಲ್ಲಿ ಕೊನೆಯ ಪಾಳಿ. ನಾಲ್ವರೂ ಮುಗಿಸಿದ ಮೇಲೆ, ರಜೆಯ ಮಧ್ಯಾಹ್ನ, ಕ್ರೇನಕ್ಕನ ಗಂಡನ ಕ್ಷೌರದ ಅಂಗಡಿಯಲ್ಲಿ ಬಾಗಿಲು ಅರ್ಧ ಎಳೆದುಕೊಂಡು ಕೂರುವುದು. ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಅಂದು ಕಕ್ಕುವುದು. ಸಂಸತ್ತಿನಲ್ಲೂ ಅಷ್ಟು ಜೋರು ಚರ್ಚೆ ನಡೆಯುವುದಿಲ್ಲ, ನಡೆದರೂ ಅಷ್ಟು ಪ್ರಾಮಾಣಿಕವಾಗಿ ಅಲ್ಲ.

ಅಂದು ಮಾತಿಗೆ ಬಂದದ್ದು ಒಂದು ಹೆದರಿಸುವ ಆಟ. ಮುಚ್ಚಿಹೋದ ದೊಡ್ಡ ಆಸ್ಪತ್ರೆ, ಅದರೊಳಗೆ ಒಬ್ಬ ದೀಪ ರಿಪೇರಿಯವನು. ಪ್ರತಿ ಮಹಡಿಯಲ್ಲೂ ದೀಪ ಹೊತ್ತಿಸಿ ಹೊರಗೆ ಬರಬೇಕು. ಓಣಿಗಳಲ್ಲಿ ಏನೋ ಒಂದು ಅಲೆಯುತ್ತಿರುತ್ತದೆ. ಅದಕ್ಕೆ ಸಿಕ್ಕಿದರೆ ಕಥೆ ಮುಗಿಯಿತು. ಇಷ್ಟೇ.

ಕ್ರೇನಕ್ಕ ಕನ್ನಡಿಗೆ ಮುಖ ಮಾಡಿದ ತಿರುಗುವ ಕುರ್ಚಿಯಲ್ಲಿ ಕೂತಿದ್ದಳು. ಅದು ಅವಳದೇ ಜಾಗ. ಅಲ್ಲಿ ಕೂತರೆ ಎಲ್ಲರ ಬಾಯಿ ಕಾಣುತ್ತದೆ. ಯಾಕೆ ಅಲ್ಲೇ ಕೂರಬೇಕು ಎಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಸೀಟಿ, ಮುಖದ ತುಂಬ ಸೋಪಿನ ನೊರೆ. ಪುಕ್ಕಟೆ ಶೇವಿಂಗ್ ಸಿಗುವುದೆಂದರೆ ಅವನು ಕೂಟಕ್ಕೆ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಗಂಡ ಕತ್ತಿ ಹಿಡಿದು ಅವನ ಕೆನ್ನೆಯ ಮೇಲೆ ಬಾಗಿದ್ದ.

“ಶುರು ಮಾಡು ಕ್ರೇನಕ್ಕ, ನೀನು ಹೇಳಿದ್ರೇನೇ ಆಟ ಆಡ್ದಂಗೆ ಆಗೋದು,” ಎಂದ ಡ್ರೈವರ್.

ಅವಳು ಗಂಟಲು ಸರಿ ಮಾಡಿಕೊಂಡಳು. “ನೋಡಿ, ಇಷ್ಟು ದಿನ ಆಡಿದ ಆಟಗಳಲ್ಲಿ ದೆವ್ವ ಅಂದ್ರೆ ಮಂತ್ರಿ ಬಂದ ಹಾಗೆ. ಮುಂದೊಂದು ಸೈರನ್ನು, ಹಿಂದೊಂದು ಸೈರನ್ನು. ಎದ್ದು ಓಡೋಕೆ ಬೇಕಾದಷ್ಟು ಟೈಮು. ಇದು ಹಾಗಲ್ಲಪ್ಪ. ನಿನ್ನ ಪಾಡಿಗೆ ನೀನು ಸ್ಟೂಲ್ ಹತ್ತಿ ಬಲ್ಬ್ ತಿರುಗಿಸ್ತಾ ಇರ್ತೀಯ. ಸುಳಿವಿಲ್ಲ, ಸದ್ದಿಲ್ಲ. ತಿರುಗಿದ್ರೆ ಮೂಗಿನ ತುದೀಲಿ ನಿಂತಿರುತ್ತೆ! ಮಾಡಿದೋನು ಪಾಪಿ, ಆದ್ರೆ ತಲೆ ಇರೋನು. ಹೇಳಿ ಕೇಳಿ ಬರೋದಕ್ಕೆ ಹೆದರೋದೇನು ಬಂತು? ಹೇಳ್ದೆ ಬರೋದಕ್ಕೇ ಹೆದರಬೇಕು. ಎಷ್ಟು ಸಲ ಸತ್ತೆ ಅಂತ ನನಗೇ ಗೊತ್ತಿಲ್ಲ. ಕೊನೆಗೆ ಅದು ಯಾವ ತಿರುವಲ್ಲಿ ಯಾವಾಗ ಬರುತ್ತೆ ಅಂತ ಬಾಯಿಪಾಠ ಮಾಡ್ಕೊಂಡು ಮುಗಿಸಿದೆ.”

ಡ್ರೈವರ್ ಚಹಾದ ಲೋಟ ಕೆಳಗಿಟ್ಟು ನಕ್ಕ. “ಏನ್ ಹೇಳ್ತಿದೀಯ ಮಾರಾಯ್ತಿ? ಸದ್ದಿಲ್ಲ ಅಂತೀಯಲ್ಲ! ಆ ಕೀಚಲು ಸದ್ದಿಗೆ ನನ್ನ ಹೆಂಡ್ತಿ ಅಡುಗೆಮನೆಯಿಂದ ಸೌಟು ಹಿಡ್ಕೊಂಡು ಬಂದಿದ್ಲು. ಬಸ್ಸಿನ ಬ್ರೇಕ್ ಮನೆಗೂ ತಂದ್ಯಾ ಅಂತ.”

“ಯಾವ ಸದ್ದು?”

“ಅದು ಬರೋ ಮುಂಚೆ ಬರುತ್ತಲ್ಲಮ್ಮ,” ಎಂದರು ಮಗ್ಗಿ ಟೀಚರ್. “ಸಣ್ಣಗೆ, ಸೂಜಿ ಚುಚ್ಚಿದ ಹಾಗೆ. ಅದು ಕೇಳಿಸಿದ ತಕ್ಷಣ ನಾನು ಹದಿನೇಳರ ಮಗ್ಗಿ ಶುರು ಮಾಡ್ತಿದ್ದೆ. ಮಗ್ಗಿ ಮುಗಿಯೋದ್ರೊಳಗೆ ಬೀರು ಒಳಗೆ ಸೇರ್ಕೊಂಡ್ರೆ ಬಚಾವ್. ಆಟ ಪೂರ್ತಿ ನಿಂತಿರೋದೇ ಆ ಸದ್ದಿನ ಮೇಲೆ. ಅದಿಲ್ದೆ ಹೇಗೆ ಆಡಿದ್ರಿ ನೀವು?”

ಕ್ರೇನಕ್ಕ ಕನ್ನಡಿ ನೋಡಿದಳು. ನೊರೆಯ ನಡುವೆ ಸೀಟಿಯ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅವು ಅವಳ ಮೇಲೆ ನಿಂತಿದ್ದವು.

“ಥೇಟ್ ನನ್ನ ಸೀಟಿ ಥರಾನೇ ಇತ್ತಲ್ಲಕ್ಕ,” ಎಂದ ಅವನು, ತುಟಿ ಹೆಚ್ಚು ಅಲ್ಲಾಡಿಸದೆ. “ಮೊದಲ ಸಲ ಕೇಳಿದಾಗ ಕೊರಳು ಮುಟ್ಟಿ ನೋಡ್ಕೊಂಡೆ. ನಾನೇ ಊದಿದ್ನೇನೋ ಅಂತ.”

 ಅವಳ ಬಾಯಿ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿತು. “ಓ ಅದಾ! ನಾನು ಸೌಂಡ್ ಕಮ್ಮಿ ಇಟ್ಕೊಂಡು ಆಡಿದ್ದು. ಮಗಳು ಓದ್ತಿರ್ತಾಳೆ, ಪಾಪ.”

“ಕಮ್ಮೀನಾ?” ಗಂಡ ಕತ್ತಿ ಎತ್ತಿ ಹಿಡಿದು ತಿರುಗಿದ. ಅವನಿಗೆ ಏನೂ ಗೊತ್ತಿರಲಿಲ್ಲ ಪಾಪ, ತಮಾಷೆ ಸಿಕ್ಕಿತು ಅಷ್ಟೇ. “ಮೇಲ್ಮನೇಲಿ ಇವಳು ಆಡ್ತಿದ್ರೆ ಕೆಳಗೆ ಅಂಗಡೀಲಿ ನನ್ನ ಗಿರಾಕಿ ಕುರ್ಚಿಯಿಂದ ಹಾರ್ತಾನೆ. ಮೊನ್ನೆ ಒಬ್ಬನ ಕಿವಿ ಅರ್ಧ ನನ್ನ ಕೈಗೇ ಬರ್ತಿತ್ತು. ಬೀದಿಗೆಲ್ಲ ಕೇಳುತ್ತೆ ಇವಳ ಟಿವಿ. ಕಮ್ಮಿ ಅಂತೆ, ಕಮ್ಮಿ!”

ಡ್ರೈವರ್ ತೊಡೆ ತಟ್ಟಿಕೊಂಡು ನಕ್ಕ. ಟೀಚರೂ ನಕ್ಕರು. ಕ್ರೇನಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಸೀಟಿ ನಗಲಿಲ್ಲ. ಮುಖ ತೊಳೆದುಕೊಂಡು, ಏನೋ ಕೆಲಸವಿದೆ ಎಂದು ಅರ್ಧಕ್ಕೇ ಎದ್ದು ಹೋದ. ಪುಕ್ಕಟೆ ತಲೆ ಮಾಲೀಶು ಬಿಟ್ಟು ಅವನು ಎದ್ದು ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಅವಳು ಮಹಡಿಗೆ ಬಂದಾಗ ಇನ್ನೂ ಬೆಳಕಿತ್ತು. ಮಗಳು ಕಿಟಕಿ ಪಕ್ಕ ಪುಸ್ತಕ ಹರಡಿಕೊಂಡು ಕೂತಿದ್ದಳು. ಕ್ರೇನಕ್ಕ ಮಾತಾಡದೆ ಡಿಸ್ಕ್ ಹಾಕಿದಳು. ಎರಡನೆಯ ಮಹಡಿಯ ಉದ್ದನೆಯ ಓಣಿಗೆ ಹೋಗಿ, ದೀಪ ರಿಪೇರಿಯವನನ್ನು ನಡುಮಧ್ಯೆ ನಿಲ್ಲಿಸಿ, ಟಿವಿಯ ಸದ್ದನ್ನು ಪೂರಾ ಏರಿಸಿದಳು. ಮುಂದಕ್ಕೆ ಬಾಗಿ ಕಾದಳು.

ಕೇಳುತ್ತಿತ್ತು. ಗಾಳಿ ಗುಯ್ಗುಟ್ಟುವುದು, ಎಲ್ಲೋ ಬಾಗಿಲು ಧಡಾರನೆ ಬೀಳುವುದು, ತನ್ನದೇ ಹೆಜ್ಜೆಯ ದಪ್ಪ ಸದ್ದು. ಎಲ್ಲ ಚೆನ್ನಾಗಿಯೇ ಕೇಳುತ್ತಿತ್ತು. ಅವಳಿಗೆ ಸ್ವಲ್ಪ ಧೈರ್ಯ ಬಂತು. ಅಷ್ಟರಲ್ಲಿ ಮಗಳು ಎರಡೂ ಕಿವಿ ಮುಚ್ಚಿಕೊಂಡು ಎದ್ದು ನಿಂತದ್ದು ಕಂಡಿತು. ಹುಡುಗಿಯ ಬಾಯಿ ಅಲ್ಲಾಡುತ್ತಿತ್ತು.

“ಅಮ್ಮಾ! ತಲೆ ಸಿಡೀತಿದೆ, ಕಮ್ಮಿ ಮಾಡು!”

ಪರದೆಯ ಮೇಲೆ ಅದು ಬಂದು ದೀಪದವನ ಹೆಗಲು ಹಿಡಿಯಿತು. ಕ್ರೇನಕ್ಕನಿಗೆ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಿರಲಿಲ್ಲ.

ಅವಳು ಸದ್ದು ಇಳಿಸಿದಳು. “ಆ ಸದ್ದು ಮುಂಚೇನೂ ಬರ್ತಿತ್ತೇನೇ? ನಾನು ಆಡುವಾಗೆಲ್ಲ?”

“ಬರ್ತಾನೇ ಇತ್ತಲ್ಲ. ಅದು ಕಿರುಚ್ತಾ ಇದ್ರೂ ನೀನು ಕಲ್ಲಿನ ಥರ ನಿಂತಿರ್ತಿದ್ದೆ. ಬೇಕಂತಲೇ ಸಾಯ್ತೀಯ, ಇದೂ ಒಂದು ಹಠ ಅಂದ್ಕೊಂಡೆ.” ಮಗಳು ಅಮ್ಮನ ಮುಖ ನೋಡಿ ತಡೆದಳು. “ಯಾಕಮ್ಮ? ನಿಂಗೆ ಕೇಳಿಸ್ತಿರ್ಲಿಲ್ವಾ?”

“ಕೇಳಿಸ್ತಿತ್ತು ಬಿಡು. ಓದ್ಕೋ.”

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಹೆದರಿಕೆ ಒಂದೇ ಆಗಿದ್ದರೆ ತಬ್ಬಿಕೊಂಡು ಮಲಗಬಹುದಿತ್ತು. ಎರಡಿದ್ದವು, ಎರಡೂ ಎರಡು ಕಡೆಗೆ ಎಳೆಯುತ್ತಿದ್ದವು. ಕಿವಿ ಹೋಗಿದೆ ಎಂದು ಗೊತ್ತಾದರೆ ಏಣಿ ಹೋಗುತ್ತದೆ. ಇವಳಿಗಿಂತ ಮುಂಚೆ ಕ್ರೇನ್ ನಡೆಸುತ್ತಿದ್ದ ಮುದುಕನದೂ ಕಿವಿಯೇ ಹೋದದ್ದು. ಪೈಪ್ ಕತ್ತರಿಸುವ ಯಂತ್ರದ ನೆತ್ತಿಯ ಮೇಲೆ ವರ್ಷಗಟ್ಟಲೆ ಕೂತರೆ ಯಾರದು ತಾನೇ ಉಳಿಯುತ್ತದೆ? ಅವನ ಕೈಗೆ ಪೊರಕೆ ಕೊಟ್ಟರು. ಕಬ್ಬಿಣದ ಪುಡಿ ಗುಡಿಸುತ್ತಾ, ಮೇಲೆ ನೋಡಿ ನೋಡಿ, ಒಂದು ದಿನ ಬರುವುದನ್ನೇ ಬಿಟ್ಟ. ಅವನನ್ನು ಗುಡಿಸುವುದಕ್ಕೆ ಇಳಿಸಿದ ಕಿವಿ ಪರೀಕ್ಷೆಯ ವ್ಯಾನು ಮತ್ತೆ ಯಾರ್ಡಿಗೆ ಬಂದದ್ದೇ ಇಲ್ಲ. ಮಾಲೀಕರು ಮರೆತರು. ನೆನಪಿಸಬೇಕಾದ ಕಾರ್ಮಿಕ ಸಂಘದವರು, ಕ್ರೇನಕ್ಕನೂ ಸೇರಿ, ಬೇಕಂತಲೇ ಮರೆತರು.

ಇನ್ನೊಂದು ಹೆದರಿಕೆಗೆ ಹೆಸರೇ ಬೇಡ. ಅದು ಕೊಕ್ಕೆಯ ಕೆಳಗೆ ನಿಲ್ಲುತ್ತಿತ್ತು.

ಬೆಳಿಗ್ಗೆ ಎಂದಿನ ಹಾಗೆ ಏಣಿ ಹತ್ತಿದಳು. ಕ್ಯಾಬಿನ್ನಿನಲ್ಲಿ ಕೂತು ಅವಳು ತನ್ನ ಕೆಲಸವನ್ನೇ ಬೇರೆಯವರ ಕೆಲಸದ ಹಾಗೆ ನೋಡಿದಳು. ಮೋಟಾರಿನ ಗುಂಗು ಕೇಳುತ್ತಿದೆ. ಗೇರು ಕರಕರ ಎನ್ನುವುದು ಕೇಳುತ್ತಿದೆ. ಲಾರಿಯ ಹಾರನ್ನು ಕೇಳುತ್ತಿದೆ. ಕೆಳಗೆ ಸೀಟಿ ಎಡಗೈ ಎತ್ತಿ, ಕೆನ್ನೆ ಉಬ್ಬಿಸಿದ. ಅವಳ ಕೈ ತಾನಾಗಿಯೇ ಹಿಡಿಯನ್ನು ಹಿಂದಕ್ಕೆ ಎಳೆಯಿತು. ಕೊಕ್ಕೆ ನಿಂತಿತು. ಆಗ ಅವಳಿಗೆ ಹೊಳೆಯಿತು, ಕೇಳಿ ನಿಲ್ಲಿಸಿದ್ದಲ್ಲ. ಕೆನ್ನೆ ನೋಡಿ ನಿಲ್ಲಿಸಿದ್ದು. ಎಷ್ಟು ಕಾಲದಿಂದ ಈ ಮನುಷ್ಯನ ಕೆನ್ನೆಯನ್ನು ಕಿವಿ ಮಾಡಿಕೊಂಡು ಬದುಕಿದ್ದೇನೆ ಎಂದು ಯೋಚಿಸಿದಳು. ಲೆಕ್ಕ ಸಿಗಲಿಲ್ಲ. ಕಿವಿ ಒಂದೇ ದಿನ ಹೋಗಿದ್ದರೆ ಗೊತ್ತಾಗುತ್ತಿತ್ತು. ಅದು ಸೋರುವ ನಲ್ಲಿಯ ಹಾಗೆ ಹೋಗಿತ್ತು, ಕೀಚಲು ಸದ್ದೆಲ್ಲ ಮೊದಲು.

ಇವತ್ತೊಂದು ದಿನ ಕಳೆದರೆ ನಾಳೆ ನೋಡಿಕೊಳ್ಳೋಣ ಎಂದುಕೊಂಡಳು. ಹೆದರಿದವರೆಲ್ಲ ಅಂದುಕೊಳ್ಳುವುದು ಅದನ್ನೇ.

ಹತ್ತು ಗಂಟೆಯ ಸುಮಾರಿಗೆ ಸೀಟಿ ಒಂದು ವಿಚಿತ್ರ ಕೆಲಸ ಮಾಡಿದ. ಕೊಕ್ಕೆ ಖಾಲಿಯಿತ್ತು, ಅವಳು ಅದನ್ನು ಗೇಟಿನ ಕಡೆಗೆ ಓಡಿಸುತ್ತಿದ್ದಳು. ಅವನು ಯಾರ್ಡಿನ ನಡುವೆ, ಬಯಲಲ್ಲೇ, ಅವಳಿಗೆ ಬೆನ್ನು ತಿರುಗಿಸಿ ನಿಂತ. ಕೈಸನ್ನೆಯಿಲ್ಲ, ಮೋರೆ ಕಾಣುವುದಿಲ್ಲ. ಹೆಗಲೆರಡೂ ಒಂದಿಷ್ಟು ಮೇಲೆದ್ದವು. ಅವಳಿಗೆ ಅರ್ಥವಾಗುವಷ್ಟರಲ್ಲಿ ಬಣ್ಣ ಬಳಿಯುತ್ತಿದ್ದ ಹೆಂಗಸರು ಒಟ್ಟಿಗೆ ತಲೆ ತಿರುಗಿಸಿದರು. ಸರಪಳಿ ಕಟ್ಟುವವನೂ ತಿರುಗಿದ. ಲಾರಿಯ ಕ್ಲೀನರೂ ತಿರುಗಿದ. ತಿರುಗಿದ ತಲೆಗಳನ್ನು ನೋಡಿ ಅವಳು ಕೊಕ್ಕೆ ನಿಲ್ಲಿಸಿದಳು.

ಸೀಟಿ ತಿರುಗಿ ಮೇಲೆ ನೋಡಿದ. ಕೊಕ್ಕೆ ನಿಂತಿತ್ತು. ಅವನ ಮುಖ ಅರಳಿದ್ದು ಅಷ್ಟು ಎತ್ತರದಿಂದಲೂ ಕಂಡಿತು. ಎರಡೂ ಕೈಯ ಹೆಬ್ಬೆರಳು ಎತ್ತಿ ತೋರಿಸಿದ. ಅವಳು ಗಾಜಿನ ಹಿಂದಿನಿಂದ ಕೈ ಎತ್ತಿದಳು. ಅದು ಅವಳು ಅವನಿಗೆ ಹೇಳಿದ ಎರಡನೆಯ ಸುಳ್ಳು. ಇದಕ್ಕೆ ಬಾಯಿಯೂ ಬೇಕಾಗಲಿಲ್ಲ.

ಚಹಾದ ಹೊತ್ತಿಗೆ ಅವನು ಏಣಿಯ ಬುಡದಲ್ಲೇ ಕಾದಿದ್ದ. “ಬಯ್ಯಬೇಡ ಅಕ್ಕ, ಒಂದು ಮಾತು ಹೇಳ್ಬೇಕು. ನಿನ್ನೆ ಅಂಗಡೀಲಿ ಆ ಸದ್ದೇ ಕೇಳಿಲ್ಲ ಅಂದ್ಯಲ್ಲ, ನನಗೆ ಕೈಕಾಲು ತಣ್ಣಗಾಗೋಯ್ತು. ಅಕ್ಕನ ಕಿವಿ ಹೋಗಿದೆ, ನಾನು ಯಾರನ್ನ ನಂಬ್ಕೊಂಡು ಆ ಪೈಪ್ ರಾಶಿ ಹಿಂದಿನ ಸಂದಿಗೆ ಇಳೀತಿದೀನಿ ಅಂತ. ರಾತ್ರಿಯೆಲ್ಲ ಹೊರಳಾಡಿದೆ. ಅದಕ್ಕೇ ಈಗ ಬೆನ್ನು ಹಾಕಿ ಊದಿ ನೋಡಿದ್ದು.”

“ನೋಡಿದ್ಯಲ್ಲ, ಸಮಾಧಾನ ಆಯ್ತಾ?”

“ಆಯ್ತು. ನಿನ್ನ ಟಿವಿ ಸ್ಪೀಕರೇ ಹೋಗಿರ್ಬೇಕು, ರಿಪೇರಿ ಮಾಡ್ಸು. ನನ್ನ ಮೇಲೆ ಬೇಜಾರಿಲ್ಲ ತಾನೇ?”

ಹೇಳಿಬಿಡಬಹುದಿತ್ತು.  “ಹೋಗೋ, ದೊಡ್ಡ ಡಾಕ್ಟ್ರು ಇವನು. ಕೆಲಸ ನೋಡು,” ಎಂದಳು. ಅವನು ಶಿಳ್ಳೆ ಹಾಕುವವನಂತೆ ತುಟಿ ಮುಂದೆ ಮಾಡಿಕೊಂಡು ಹೋದ. ಶಿಳ್ಳೆ ಹಾಕುತ್ತಿದ್ದನೋ ಇಲ್ಲವೋ, ಅವಳಿಗೆ ಗೊತ್ತಾಗಲಿಲ್ಲ.

ಚಹಾ ಮುಗಿದ ಮೇಲೆ ಬಂದದ್ದು ಮೂಲೆಯ ಕೆಲಸ. ಯಾರ್ಡಿನ ಆ ಕೊನೆಯಲ್ಲಿ, ದೊಡ್ಡ ಪೈಪುಗಳ ರಾಶಿಗೂ ಹಿಂದಿನ ಗೋಡೆಗೂ ನಡುವೆ ಒಂದು ಸಂದು. ಅಲ್ಲಿ ಹೊಸ ಕಟ್ಟು ಇಳಿಸಬೇಕು. ಕ್ಯಾಬಿನ್ನು ಕ್ರೇನಿನ ಈ ತುದಿಗೆ, ಸಂದು ಆ ತುದಿಗೆ. ರಾಶಿ ಅಡ್ಡ ಬಂದು ಒಳಗಿನದೇನೂ ಕಾಣುವುದಿಲ್ಲ. ಸೀಟಿ ಆ ಸಂದಿನೊಳಗೆ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಟ್ಟು ನೆಲದಿಂದ ಎಷ್ಟಿದೆ, ಎತ್ತ ವಾಲುತ್ತಿದೆ ಎಂದು ನೋಡಿಕೊಂಡು ಊದಬೇಕು. ಅವನಿಗೆ ಹಿಂದೆ ಸರಿಯಲು ಜಾಗವಿಲ್ಲ. ಆ ಕೆಲಸ ಬಂದಾಗಲೆಲ್ಲ ಅವನು ಒಳಗೆ ಹೋಗುವ ಮುಂಚೆ ಒಂದೆರಡು ಸಲ ಹಿಂದೆ ಮುಂದೆ ನೋಡುತ್ತಿದ್ದ. ಇವತ್ತು ನೋಡಲಿಲ್ಲ. ಪೈಪಿನ ಮೇಲೆ ಕೈಯಾಡಿಸುತ್ತಾ, ಸ್ವಂತ ಮನೆಯ ಕೋಣೆಗೆ ಹೋಗುವವನಂತೆ ಒಳಗೆ ಹೋಗಿ ಮರೆಯಾದ.

ಅವನನ್ನು ಹಾಗೆ ಒಳಗೆ ಕಳಿಸಿದ್ದು ತಾನು ಎಂದು ಅವಳಿಗೆ ತಿಳಿಯಿತು. ನಿನ್ನೆಯ ತನಕ ಅವನಿಗೆ ಇದ್ದ ಚೂರುಪಾರು ಎಚ್ಚರವನ್ನೂ ಕೈ ಎತ್ತಿ ತೋರಿಸಿ ಕಿತ್ತುಕೊಂಡಿದ್ದಳು.

ಕಟ್ಟು ಸಂದಿನ ಮೇಲೆ ಬಂದು ನಿಂತಿತು. ಅವಳು ಇಳಿಸಲು ಶುರು ಮಾಡಿದಳು. ಪೈಪುಗಳ ಬಾಯಿ ರಾಶಿಯ ಅಂಚಿಗಿಂತ ಕೆಳಗೆ ಇಳಿದದ್ದೇ ಅವಳ ಕೈ ನಿಂತಿತು. ಈಗ ಸೀಟಿಯ ಸದ್ದು ಕೇಳಬೇಕು. ಇಷ್ಟು ದಿನ ಇಲ್ಲಿ ಇಳಿಸಿದ್ದು ಕೇಳಿ ಅಲ್ಲ, ಕೈಯ ಅಂದಾಜಿನ ಮೇಲೆ ಎಂದು ಅವಳಿಗೆ ಈಗ ತಿಳಿಯಿತು. ಅವಳು ಕಿವಿಗೊಟ್ಟಳು. ಮೋಟಾರಿನ ಗುಂಗು. ಎಲ್ಲೋ ಲಾರಿಯ ಗುಡುಗುಡು. ಬೇರೇನೂ ಇಲ್ಲ. ಮೂರು ಸಲ ಊದುತ್ತಿದ್ದಾನೆಯೇ, ಇಳಿಸು ಎಂದು? ಒಂದೇ ಸಮನೆ ಒಂದೊಂದಾಗಿ ಊದುತ್ತಿದ್ದಾನೆಯೇ, ನಿಲ್ಲಿಸೇ ತಾಯಿ, ನಿಲ್ಲಿಸು ಎಂದು? ಬೆಳಿಗ್ಗೆ ತಿರುಗಿ ನೋಡಿದ ತಲೆಗಳಿಗಾಗಿ ಹುಡುಕಿದಳು. ಬಣ್ಣದ ಹೆಂಗಸರು ಆಚೆ ಶೆಡ್ಡಿಗೆ ಹೋಗಿದ್ದರು. ಸರಪಳಿಯವನು ಲಾರಿಯ ಹಿಂದಿದ್ದ. ಯಾರ್ಡಿನಲ್ಲಿ ಒಂದು ನರಪಿಳ್ಳೆಯ ಮುಖವೂ ಅವಳ ಕಡೆಗಿರಲಿಲ್ಲ.

ಕಟ್ಟು ಸಣ್ಣಗೆ ತೂಗತೊಡಗಿತು. ಗೋಡೆಯ ಕಡೆಗೆ ಒಮ್ಮೆ, ರಾಶಿಯ ಕಡೆಗೆ ಒಮ್ಮೆ. ಗೋಡೆಯ ಕಡೆಗೆ ತೂಗಿದಾಗ ಅಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಉಳಿಯುತ್ತದೋ ಇಲ್ಲವೋ.   ಹಿಡಿಯ ಮೇಲಿದ್ದ ಬೆರಳುಗಳು ತನ್ನವಲ್ಲ ಎನಿಸಿತು. ಎತ್ತಿದರೆ? ಎತ್ತುವಾಗ ಎಲ್ಲಾದರೂ ಸಿಕ್ಕಿ ವಾಲಿದರೆ? ಕ್ಯಾಬಿನ್ ಬಿಟ್ಟು ಓಡಿ ಹೋಗಿ ನೋಡೋಣವೆಂದರೆ, ಭಾರ ತೂಗುಬಿಟ್ಟು ಇಳಿಯುವಂತಿಲ್ಲ, ಅದು ಮೊದಲ ದಿನ ಕಲಿತ ಪಾಠ. ನಡೆಸುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಆಟದಲ್ಲಾದರೆ ತಾನು ಸಾಯುತ್ತಿದ್ದಳು, ಎದ್ದು ಮತ್ತೆ ಅದೇ ಓಣಿಯಲ್ಲಿ ನಡೆಯುತ್ತಿದ್ದಳು.

ತೂಗಾಟ ನಿಲ್ಲುವ ತನಕ ಕಾದಳು. ಎಷ್ಟು ಹೊತ್ತೋ ದೇವರಿಗೇ ಗೊತ್ತು. ಆಮೇಲೆ ಕೂದಲೆಳೆಯಷ್ಟು, ಕೂದಲೆಳೆಯಷ್ಟು ಎತ್ತಿದಳು. ಪೈಪಿನ ತಳ ರಾಶಿಗಿಂತ ಮೇಲೆ ಬಂತು. ಅಲ್ಲಿ ರಕ್ತವೇನಾದರೂ ಇದೆಯೇ ಎಂದು ನೋಡಿದಳು. ಇರಲಿಲ್ಲ. ಕಟ್ಟನ್ನು ಹಿಂದಕ್ಕೆ ಎಳೆದು ತಂದು, ಬಯಲಲ್ಲಿ, ಲಾರಿಗಳು ಓಡಾಡುವ ದಾರಿಗೆ ಅಡ್ಡಲಾಗಿ ಇಳಿಸಿದಳು. ಸ್ವಿಚ್ ಆರಿಸಿದಳು. ಏಣಿ ಇಳಿದಳು.

ಸೀಟಿ ರಾಶಿಯ ಹಿಂದಿನಿಂದ ಓಡಿ ಬಂದ. ಮೈಯೆಲ್ಲ ಗೋಡೆಯ ಸುಣ್ಣ. “ಏನಕ್ಕ ಆಯ್ತು? ಇಳಿಸು ಇಳಿಸು ಅಂತ ಊದಿ ಊದಿ ನನ್ನ ದವಡೆ ಬಿದ್ದೋಯ್ತು! ಯಾಕೆ ಎತ್ಕೊಂಡು ಹೋದೆ?”

“ನನಗೆ ನಿನ್ನ ಸೀಟಿ ಕೇಳಲ್ಲ ಕಣೋ.”

“ಗಾಳಿಗಾ?”

“ಗಾಳಿಗಲ್ಲ. ಯಾವತ್ತೂ ಕೇಳಲ್ಲ. ಬೆಳಿಗ್ಗೆ ನಿಲ್ಲಿಸಿದ್ದು ಬೇರೆಯವರ ತಲೆ ತಿರುಗಿದ್ದು ನೋಡಿ.”

ಅವನು ಅವಳನ್ನೇ ನೋಡಿದ. ಮುಖದಲ್ಲಿ ಮೊದಲು ನಗುವಿನಂಥದೇನೋ ಬಂದು, ಅರ್ಧಕ್ಕೇ ನಿಂತು, ಇಳಿದು ಹೋಯಿತು. ಪೈಪಿನ ಕಟ್ಟಿನ ಮೇಲೆ ಕೂತ. ಅಷ್ಟರಲ್ಲಿ ಲಾರಿಗಳು ಹಾರನ್ ಹೊಡೆಯತೊಡಗಿದವು. ಸೂಪರ್‌ವೈಸರ್ ಆಫೀಸಿನಿಂದ ದಾಪುಗಾಲು ಹಾಕುತ್ತಾ ಬಂದ.

“ಏನಮ್ಮ ಇದು? ದಾರೀಲಿ ಮಲಗಿಸಿದೀಯ? ಹಿಂದೆ ಲಾರಿ ನಿಂತಿವೆ, ಕಣ್ಣಿಗೆ ಕಾಣಲ್ವಾ?”

ಸೀಟಿ ಎದ್ದು ನಿಂತ. ಅವಳಿಗಿಂತ ಮುಂಚೆ ಅವನೇ ಬಾಯಿ ಬಿಟ್ಟ. “ಬ್ರೇಕು ಸಾರ್. ಬ್ರೇಕ್ ಸರಿಯಾಗಿ ಹಿಡೀತಿಲ್ಲ. ಅದಕ್ಕೇ ನಾನೇ ಇಳಿಸೋಕೆ ಹೇಳ್ದೆ. ಮೆಕ್ಯಾನಿಕ್ ಬಂದು ನೋಡ್ಲಿ.”  ಅವಳ ಕಡೆ ನೋಡಲಿಲ್ಲ.

ಮೆಕ್ಯಾನಿಕ್ ಬರುವುದು ನಾಳೆಯೋ ನಾಡಿದ್ದೋ. ಅಷ್ಟರಲ್ಲಿ ಏನಾದರೂ ದಾರಿ ಮಾಡಿಕೊಳ್ಳಬಹುದು. ಮೂಲೆಯ ಕೆಲಸಕ್ಕೆ ಏನಾದರೂ ನೆಪ ಹೇಳಬಹುದು. ಅವನೂ ಸನ್ನೆಯಲ್ಲೇ ಸುಧಾರಿಸಬಹುದು. ಕ್ರೇನಕ್ಕ ಇದನ್ನೆಲ್ಲ ಒಂದು ರೆಪ್ಪೆ ಬಡಿಯುವಷ್ಟರಲ್ಲಿ ಯೋಚಿಸಿದಳು. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನ ಬೆನ್ನಿನ ಸುಣ್ಣ ಕಂಡಿತು. ಹೆಗಲಿನಿಂದ ಸೊಂಟದ ತನಕ, ಗೋಡೆ ಒತ್ತಿದ ಗುರುತು.

“ಬ್ರೇಕ್ ಸರಿಯಾಗಿದೆ ಸಾರ್,” ಎಂದಳು. “ನನ್ನ ಕಿವಿ ಸರಿಯಿಲ್ಲ. ಸೀಟಿ ಕೇಳಿಸಲ್ಲ. ನಾನು ಇನ್ನು ಮೇಲಕ್ಕೆ ಹತ್ತಲ್ಲ.”

ಸೂಪರ್‌ವೈಸರನಿಗೆ ಬಯ್ಯಲು ಹುಮ್ಮಸ್ಸು ಬಂದಿತ್ತು, ಇದಕ್ಕೆ ಯಾವ ಬೈಗುಳ ಹೊಂದುತ್ತದೆ ಎಂದು ತಿಳಿಯಲಿಲ್ಲ. ಏಣಿಯ ಬಾಗಿಲಿಗೆ ಬೀಗ ಹಾಕಿಸಿದ. ಇನ್ನೊಂದು ಪಾಳಿಯ ಆಪರೇಟರ್‌ಗೆ ಫೋನ್ ಮಾಡಲು ಹೋದ. ಹೋಗುವಾಗ, ಮ್ಯಾನೇಜರ್ ಬರುವ ತನಕ ಇಬ್ಬರೂ ಆಫೀಸಿನ ಮುಂದೆ ಕೂತಿರಿ ಎಂದ.

ಆಫೀಸಿನ ಮುಂದೆ ಒಂದು ಕಬ್ಬಿಣದ ಬೆಂಚು. ಬಿಸಿಲಿಗೆ ಕಾದಿತ್ತು. ಇಬ್ಬರೂ ಎರಡು ತುದಿಗೆ ಕೂತರು. ಕ್ಯಾಬಿನ್ನಿನ ಗಾಜು ಅಲ್ಲಿಂದ ಬೆಂಕಿಯ ಹಾಗೆ ಹೊಳೆಯುತ್ತಿತ್ತು, ಈ ಬಿಸಿಲಿನಲ್ಲಿ ಒಳಗೆ ಯಾರಿದ್ದಾರೆ ಎಂದು ಕೆಳಗಿನವರಿಗೆ ಕಾಣುವುದೇ ಇಲ್ಲ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು.  ಸೀಟಿ ಅವಳಿಗೆ ಕಾಣುವಂತೆ ಮುಖ ತಿರುಗಿಸಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದ. ಅವನು ಆಗಲೇ ಕಿವುಡರ ಹತ್ತಿರ ಮಾತಾಡುವಂತೆ ಮಾತಾಡತೊಡಗಿದ್ದು ಅವಳ ಎದೆಗೆ ಚುಚ್ಚಿತು.

“ಹೋದ ತಿಂಗಳು, ಇದೇ ಸಂದಲ್ಲಿ, ನನ್ನ ಕಾಲು ಎರಡು ಪೈಪಿನ ನಡುವೆ ಸಿಕ್ಕಿತ್ತು. ಕಟ್ಟು ಇಳೀತಾ ಇತ್ತು. ಊದಿದೆ. ನೀನು ತಕ್ಷಣ ನಿಲ್ಲಿಸಿದೆ. ಮನೇಲಿ ಹೇಳಿದ್ದೆ ನಾನು, ನಮ್ಮ ಕ್ರೇನಕ್ಕ ಇರೋದಕ್ಕೆ ಬದುಕಿದೆ ಅಂತ. ಆವತ್ತು ಹೇಗೆ ನಿಲ್ಲಿಸಿದೆ?”

ಕ್ರೇನಕ್ಕ ನೆನಪಿಸಿಕೊಂಡಳು. ಆ ದಿನ ನೆನಪಾಯಿತು. ಅವನ ಕಾಲು ಸಿಕ್ಕಿದ್ದು ಅವಳಿಗೆ ಇವತ್ತೇ ಗೊತ್ತಾದದ್ದು.

“ಬಿಸಿಲು ಕಣ್ಣಿಗೆ ಹೊಡೀತು,” ಎಂದಳು. “ಗಾಜಿನ ಪರದೆ ಎಳೀಬೇಕಿತ್ತು. ಅದಕ್ಕೆ ನಿಲ್ಲಿಸಿದ್ದೆ.”

ಸೀಟಿ ತಲೆಯಾಡಿಸಿದ. ಬಗ್ಗಿ, ಬೂಟು ಬಿಚ್ಚಿ, ಕಾಲ್ಚೀಲ ಎಳೆದು, ತನ್ನ ಎಡಗಾಲನ್ನು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುಗಿಸಿ ನೋಡಿಕೊಂಡ. ಅವನ ಕೈ ನಡುಗುತ್ತಿತ್ತು. ಬೆಂಚಿನ ಕಬ್ಬಿಣದ ಮೂಲಕ ಆ ನಡುಕ ಅವಳ ತೊಡೆಗೂ ಬರುತ್ತಿತ್ತು. ಅಥವಾ ಅದು ಅವಳದೇ ಇದ್ದೀತು.